ಶಾಲೆಯಲ್ಲಿ ಗರಗಸ, ಮನೆಯಲ್ಲಿ ಅ ಆ ಇ ಈ

(ಒಂದು ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ, ಒಂದರಿಂದ ಮೂರನೇ ತರಗತಿ ಮಕ್ಕಳ ಪೋಷಕರು ಮತ್ತು ನಲಿಕಲಿ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮುಂದೆ ಚಾಪೆ ಮೇಲೆ ಕೂತಿರುವ ಮಕ್ಕಳಿಗೂ ನಮಸ್ಕಾರ. ನಿಮ್ಮ ವಿಷಯವನ್ನೇ ಮಾತಾಡಲು ಬಂದಿದ್ದೇನೆ. ಬೇಜಾರಾದರೆ ಆ ಕಪಾಟಿನ ಪುಸ್ತಕ ತೆಗೆದು ನೋಡುತ್ತಿರಿ, ನಾನೇನೂ ಅಂದುಕೊಳ್ಳುವುದಿಲ್ಲ.

ನಾನು ಟೀಚರಾಗಿ ನಲಿಕಲಿ ತರಗತಿಗೆ, ಅಂದರೆ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳು ಕಾರ್ಡುಗಳಿಂದ ಕಲಿಯುವ ತರಗತಿಗೆ, ಬಂದ ಹೊಸತು. ಒಂದು ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಓಡಿದ ಮೇಲೆ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಅಂಗಿಯ ತೋಳಿಗೆಲ್ಲ ಮರದ ಹೊಟ್ಟು ಅಂಟಿಕೊಂಡಿತ್ತು. ಹೆಗಲಿಗೆ ಸಾಮಾನಿನ ಚೀಲ. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಮೇಡಂ, ಒಂದು ಮಾತು ಕೇಳ್ಬೇಕಿತ್ತು. ಮಗನನ್ನ ಸ್ಕೂಲಿಗೆ ಸೇರಿಸಿ ಎರಡು ತಿಂಗಳಾಯ್ತು. ಇನ್ನೂ ಅ ಆ ಇ ಈ ಬರಲ್ಲ. ನಾನೇ ರಾತ್ರಿ ಕೂರಿಸ್ಕೊಂಡು ಕೇಳಿದೆ. ಅ ಆದ್ಮೇಲೆ ಏನೋ ಅಂದ್ರೆ, ಜ ಅಂತಾನೆ. ಒಂದು ಏಟು ಹಾಕಿಬಿಟ್ಟೆ."

ನಿಮ್ಮಲ್ಲಿ ನಲಿಕಲಿ ಶಿಕ್ಷಕರು ಯಾರಿದ್ದೀರೋ ಅವರಿಗೆ ಆಗಲೇ ಗೊತ್ತಾಗಿರುತ್ತದೆ. ಆ ಹುಡುಗ ಹೇಳಿದ್ದು ಸರಿಯಾದ ಉತ್ತರ. ನಮ್ಮ ಕಾರ್ಡುಗಳಲ್ಲಿ ಅ ಆದ ಮೇಲೆ ಬರುವುದು ಜ. ಮೊದಲ ಗುಂಪು ರ ಗ ಸ ದ ಅ. ಎರಡನೆಯದು ಜ ವ ಮ ಬ ನ. ಶಾಲೆಯಲ್ಲಿ ಸರಿಯಾದ ಉತ್ತರಕ್ಕೆ ಮನೆಯಲ್ಲಿ ಏಟು ಬಿದ್ದಿತ್ತು. ಅದರಲ್ಲಿ ಅಪ್ಪನ ತಪ್ಪು ಏನೂ ಇರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಿರಲಿಲ್ಲ.

ಹುಡುಗ ಕಂಬದ ಹಿಂದೆ ನಿಂತಿದ್ದ. ಕರೆದೆ. ಟ್ರೇಯಿಂದ ಕಾರ್ಡು ತೆಗೆದು ಒಂದೊಂದೇ ನೆಲದ ಮೇಲೆ ಇಟ್ಟೆ. ದರ. ಸರ. ರಸ. ಅರಸ. ಅಗಸ. ಎಲ್ಲ ಓದಿದ. ಕೊನೆಗೆ ನಾಲ್ಕು ಅಕ್ಷರದ ಕಾರ್ಡು ಇಟ್ಟೆ. ಬೆರಳಿಟ್ಟು ಗ, ರ, ಗ, ಸ ಅಂತ ಬಿಡಿಬಿಡಿಯಾಗಿ ಹೇಳಿದ. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಅಪ್ಪನ ಚೀಲದ ಕಡೆ ತಿರುಗಿ, "ಗರಗಸ!" ಅಂತ ಕೂಗಿದ.

ಚೀಲದಿಂದ ಗರಗಸದ ಹಿಡಿ ಹೊರಗೆ ಕಾಣುತ್ತಿತ್ತು.

ಅಪ್ಪ ಅವಾಗ ಚಪ್ಪಲಿ ಬಿಟ್ಟು ಒಳಗೆ ಬಂದರು. ನೆಲದ ಮೇಲೆ ಕೂತು ಆ ಕಾರ್ಡು ಕೈಗೆ ತೆಗೆದುಕೊಂಡರು. ದಿನಾ ಕೈಯಲ್ಲಿ ಹಿಡಿಯುವ ಸಾಮಾನು. ಅದರ ಹೆಸರನ್ನು ಬರೆದಿದ್ದನ್ನು ಅವರು ಅಷ್ಟು ಹೊತ್ತು ನೋಡಿದ್ದು ಅವತ್ತೇ ಇರಬೇಕು.

ಇವತ್ತಿನ ನನ್ನ ಮಾತೆಲ್ಲ ಆ ಸಂಜೆಯಿಂದ ಬಂದಿದ್ದು. ಒಂದೇ ಮಗುವಿಗೆ ಹಗಲು ನಾವು ಓದಿಸುತ್ತೇವೆ, ರಾತ್ರಿ ನೀವು ಓದಿಸುತ್ತೀರಿ. ಇಬ್ಬರೂ ಏನು ಮಾಡುತ್ತಿದ್ದೇವೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಮಗು ನಡುವೆ ಸಿಕ್ಕಿಕೊಳ್ಳುತ್ತದೆ.

ಮೊದಲು ನಮ್ಮ ಕಡೆಯ ಲೆಕ್ಕ ಒಪ್ಪಿಸುತ್ತೇನೆ. ನಲಿಕಲಿ ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಕಾರ್ಡುಗಳಿಂದ ಕಲಿಸುವ ಕ್ರಮ ನೋಡಿಕೊಂಡು ಬಂದರು. ಯುನಿಸೆಫ್ ನೆರವು ಕೊಟ್ಟಿತು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆಗೆ ಕಲಿಕಾ ಏಣಿ, ಅಂದರೆ ಕಲಿಯುವ ಮೆಟ್ಟಿಲುಗಳನ್ನು ಚಿಹ್ನೆಗಳಿಂದ ತೋರಿಸುವ ಪಟ. ತಲೆ ಮೇಲೆ ದಾರ ಎಳೆದು ಮಕ್ಕಳ ಚಿತ್ರ, ಬರಹ ನೇತು ಹಾಕುವ ಚಪ್ಪರ. ಮಗು ತಾನು ಯಾವ ಮೆಟ್ಟಿಲಲ್ಲಿದೆ ಅಂತ ಏಣಿಯಲ್ಲಿ ನೋಡಿಕೊಂಡು, ಆ ಚಿಹ್ನೆಯ ಕಾರ್ಡು ತಾನೇ ತೆಗೆದುಕೊಳ್ಳುತ್ತದೆ. ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲಿ ಕಲಿಸುವುದಿಲ್ಲ. ಬರೆಯಲು ಸುಲಭ, ಬೇಗ ಪದ ಕಟ್ಟಬಹುದು ಅನ್ನುವ ಲೆಕ್ಕದಲ್ಲಿ ಕಲಿಸುತ್ತೇವೆ. ಐದು ಅಕ್ಷರ ಬಂದ ಕೂಡಲೇ ಮಗು ಗರಗಸ ಓದಬಹುದು. ಹತ್ತು ಬಂದರೆ ಮರ, ಜನ, ನಗರ. ಅದೇ ಅ ಆ ಇ ಈ ಉ ಅಂತ ಐದು ಕಲಿತರೆ ಎಷ್ಟು ಪದ ಓದಬಹುದು? ಯೋಚನೆ ಮಾಡಿ ನೋಡಿ.

ಕ್ರಮ ಒಳ್ಳೆಯದು. ಅದರಲ್ಲಿ ನನಗೆ ಈಗಲೂ ನಂಬಿಕೆ ಇದೆ. ಆದರೆ ಒಂದು ಕಡೆ ಎಡವಿದ್ದೇವೆ. ಕಾರ್ಡು ಶಾಲೆಯ ಟ್ರೇಯಲ್ಲೇ ಉಳಿಯುತ್ತದೆ. ಏಣಿ ಗೋಡೆ ಬಿಟ್ಟು ಬರುವುದಿಲ್ಲ. ಮನೆಯವರಿಗೆ ಕಾಣುವುದು ಏನು? ಹಗುರವಾದ ಬ್ಯಾಗು, ಅಲ್ವಾ. ಪಕ್ಕದ ಮನೆಯ ಕಾನ್ವೆಂಟ್ ಮಗು ಹೊರಲಾರದೆ ಹೊತ್ತು ಬರುತ್ತದೆ, ನಮ್ಮದು ಕುಣಿದುಕೊಂಡು ಬರುತ್ತದೆ. "ಅಲ್ಲಿ ಏನೂ ಹೇಳ್ಕೊಡಲ್ಲ, ಬರೀ ಆಟ" ಅನ್ನುವ ಮಾತು ಅಲ್ಲಿಂದ ಹುಟ್ಟಿದ್ದು. ನಾನು ಕೂಡ ವರ್ಷಗಟ್ಟಲೆ ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದು ಕಳಿಸುತ್ತಿದ್ದೆ: "ಮನೆಯಲ್ಲಿ ಓದಿಸಿ." ಏನು ಓದಿಸಬೇಕು, ಎಷ್ಟು ಹೊತ್ತು, ಓದಲು ಬಾರದವರು ಏನು ಮಾಡಬೇಕು, ಒಂದೂ ಇಲ್ಲ. ಆ ಎರಡು ಪದವನ್ನು ಓದಲಾರದ ಅಮ್ಮಂದಿರೂ ಇದ್ದರು. ಅದು ನನಗೆ ಆಗ ಹೊಳೆಯಲೇ ಇಲ್ಲ.

ಈಗ ಕನ್ನಡ ಓದು ಮಗುವಿಗೆ ಎಷ್ಟು ದೊಡ್ಡ ಕೆಲಸ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ದೊಡ್ಡವರಿಗೆ ಅದು ಮರೆತೇ ಹೋಗಿರುತ್ತದೆ.

ವರ್ಣಮಾಲೆಯಲ್ಲಿ 49 ಅಕ್ಷರ. ಅಷ್ಟೇ ಆಗಿದ್ದರೆ ಒಂದು ವರ್ಷದಲ್ಲಿ ಮುಗಿಯುತ್ತಿತ್ತು. ಆದರೆ 34 ವ್ಯಂಜನಕ್ಕೂ 13 ಸ್ವರ ಸೇರುತ್ತವೆ. ಗುಣಿಸಿದರೆ 442. ಅನುಸ್ವಾರ, ವಿಸರ್ಗ ಬೇರೆ. ಅದಾದ ಮೇಲೆ ಒತ್ತಕ್ಷರ. ಕೆಲವು ಒತ್ತು ನೋಡಿದರೆ ಮೂಲ ಅಕ್ಷರದ ಗುರುತೇ ಸಿಗುವುದಿಲ್ಲ. ಮ ನೋಡಿ, ಮ ಒತ್ತು ನೋಡಿ. ಯ ನೋಡಿ, ಯ ಒತ್ತು ನೋಡಿ. ಎಲ್ಲಕ್ಕಿಂತ ಜಾಸ್ತಿ ಮಕ್ಕಳನ್ನು ಕಾಡುವುದು ಅರ್ಕಾವೊತ್ತು. "ಸೂರ್ಯ" ಅನ್ನುವಾಗ ಬಾಯಲ್ಲಿ ರ್ ಮೊದಲು, ಯ ಆಮೇಲೆ. ಕಣ್ಣಿಗೆ ಮಾತ್ರ ಯ ಮೊದಲು, ಅರ್ಕಾವೊತ್ತು ಆಮೇಲೆ. ಮಗು ಕಂಡಂತೆ ಓದುತ್ತದೆ. ಅದನ್ನು ದಡ್ಡತನ ಅನ್ನಬೇಡಿ. ನಾವು ಕಲಿಸಿದ ಹಾಗೆ, ಎಡದಿಂದ ಬಲಕ್ಕೆ ನಿಯತ್ತಾಗಿ ಓದಿದೆ ಅಷ್ಟೇ.

ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕನ್ನಡದ ಅಕ್ಷರಗಳ ಮೇಲೆ ಮಕ್ಕಳಿಗೆ ಹಿಡಿತ ಬರುವುದು ನಿಧಾನ, ನಾಲ್ಕನೇ ತರಗತಿವರೆಗೂ ಅದು ನಡೆಯುತ್ತಲೇ ಇರುತ್ತದೆ ಅಂತ ಅದರಲ್ಲಿ ಕಂಡುಬಂತು. ಇದನ್ನು ನಾನು ಪೋಷಕರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಇಂಗ್ಲಿಷಿನ 26 ಅಕ್ಷರ ಯುಕೆಜಿಯಲ್ಲಿ ಮುಗಿಯಿತು ಅಂದುಕೊಂಡು, ಕನ್ನಡವೂ ಒಂದನೇ ಕ್ಲಾಸಿನಲ್ಲಿ ಮುಗಿಯಬೇಕು ಅಂತ ಅವಸರ ಮಾಡಬೇಡಿ. ಎರಡನೇ ತರಗತಿಯಲ್ಲಿ ಮಗು ತಡವರಿಸಿದರೆ ಗಾಬರಿ ಬೇಡ.

ಹಾಗಂತ ಸುಮ್ನೆ ಕೂರುವ ಹಾಗೂ ಇಲ್ಲ. ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡುತ್ತಾರೆ. ಅವರ 2024ರ ವರದಿಯ ಪ್ರಕಾರ, ದೇಶದ ಹಳ್ಳಿಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ನೂರಕ್ಕೆ ಸುಮಾರು 27. ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅಂತ 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮ 2026-27ರ ಗುರಿ ಇಟ್ಟುಕೊಂಡಿದೆ. ಅದನ್ನು ಶಾಲೆಯ ಗಂಟೆಗಳಲ್ಲೇ ಮುಗಿಸುತ್ತೇವೆ ಅಂತ ಯಾವ ಶಿಕ್ಷಕರಾದರೂ ಹೇಳಿದರೆ ನಾನು ನಂಬುವುದಿಲ್ಲ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿದ್ದಾಗ, ಒಂದು ಮಗುವಿನ ಪಕ್ಕ ಕೂತು ಅದು ಓದುವುದನ್ನು ಕೇಳಲು ನನಗೆ ದಿನಕ್ಕೆ ಸಿಗುವುದು ನಾಲ್ಕೋ ಐದೋ ನಿಮಿಷ.

ಈಗ ನಿಮ್ಮನ್ನು ಒಂದು ಮನೆಗೆ ಕರೆದುಕೊಂಡು ಹೋಗುತ್ತೇನೆ.

ಎರಡನೇ ತರಗತಿಯ ಒಬ್ಬ ಹುಡುಗಿ ಎರಡು ದಿನ ಬಂದಿರಲಿಲ್ಲ. ಜ್ವರ. ಸಂಜೆ ಹೋಗಿ ನೋಡಿದೆ. ಜ್ವರ ಬಿಟ್ಟಿತ್ತು. ಅವಳ ಅಮ್ಮ ಜಗಲಿ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಮುಂದೆ ಒದ್ದೆ ಬಟ್ಟೆಯಲ್ಲಿ ಮೊಗ್ಗು, ಪಕ್ಕದಲ್ಲಿ ನೆನೆಸಿದ ಬಾಳೆ ನಾರು. ಪೇಟೆಯಿಂದ ಹೂವಿನವರು ಮೊಗ್ಗು ಕೊಟ್ಟು ಹೋಗುತ್ತಾರೆ, ಕಟ್ಟಿದ್ದಕ್ಕೆ ಮಾರಿನ ಲೆಕ್ಕದಲ್ಲಿ ಕಾಸು. ಆ ತಾಯಿಗೆ ಓದು ಬಾರದು. ಹೆಬ್ಬೆಟ್ಟು ಒತ್ತುವವರು. ಆದರೆ ಕೈ ನೋಡಬೇಕು ನೀವು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರು ಒಂದು ಸುತ್ತು, ಒಂದು ಗಂಟು. ಕಣ್ಣು ಹೂವಿನ ಮೇಲೆ ಇರಲೇ ಇಲ್ಲ.

"ಓದೇ, ಮಿಸ್ ಬಂದವ್ರೆ" ಅಂದರು. ಹುಡುಗಿ ಶಾಲೆಯಿಂದ ಒಯ್ದಿದ್ದ ತೆಳ್ಳನೆಯ ಕಥೆ ಪುಸ್ತಕ ತೆಗೆದಳು. ತಪ್ಪಿಸಿಕೊಂಡ ಮೇಕೆಯ ಕಥೆ. ಓದುತ್ತಾ ಹೋದಳು. ಒಂದು ಕಡೆ, "ಮೀಕೆ ಬೇಲಿ ಹಾರಿತು" ಅಂದಳು.

ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಮ್ಮನ ಕೈ ನಿಂತಿತು. "ಏನಂದೆ? ಮೀಕೆ ಅಂದ್ರೇನು?"

ಹುಡುಗಿ ಪುಸ್ತಕ ಹತ್ತಿರ ತಂದುಕೊಂಡಳು. ಗುಡಿಸು ಅಂದುಕೊಂಡಿದ್ದು ಏತ್ವ. ಎರಡರ ಮುಂದೆಯೂ ಅದೇ ದೀರ್ಘದ ಗುರುತು ಇರುತ್ತದಲ್ಲ, ಕಣ್ಣು ತಪ್ಪಿತ್ತು. "ಮೇಕೆ! ಮೇಕೆ ಬೇಲಿ ಹಾರಿತು."

"ಹ್ಞೂ, ಹಂಗನ್ನು" ಅಂದು ಅಮ್ಮ ಮತ್ತೆ ನಾರು ಸುತ್ತಿದರು.

ಒಂದು ಅಕ್ಷರ ಬಾರದ ತಾಯಿ ಮಗಳ ಓದಿನ ತಪ್ಪು ತಿದ್ದಿದರು. ಹೇಗೆ? ಅವರಿಗೆ ಮೇಕೆ ಗೊತ್ತು. ಬೇಲಿ ಗೊತ್ತು. ಮೀಕೆ ಅನ್ನುವುದು ಲೋಕದಲ್ಲಿ ಇಲ್ಲ ಅಂತ ಗೊತ್ತು. ಅಷ್ಟು ಸಾಕಾಯಿತು. ನಾನು ಬಾಯಿ ಹಾಕಿ "ಮೇ" ಅಂದುಬಿಟ್ಟಿದ್ದರೆ ಹುಡುಗಿ ನನ್ನ ಮಾತು ಹೇಳುತ್ತಿದ್ದಳು, ಪುಸ್ತಕ ಮತ್ತೆ ನೋಡುತ್ತಿರಲಿಲ್ಲ. ಹದಿನೈದು ವರ್ಷ ಪಾಠ ಮಾಡಿದ ನನಗಿಂತ ಆ ಗಳಿಗೆಯಲ್ಲಿ ಅವರು ಒಳ್ಳೆಯ ಟೀಚರ್ ಆಗಿದ್ದರು.

1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನುವ ಇಬ್ಬರು ವಿದ್ವಾಂಸರು ಓದಿನ ಬಗ್ಗೆ ಒಂದು ಸರಳ ಲೆಕ್ಕ ಬರೆದರು. ಅಕ್ಷರ ಬಿಡಿಸುವ ಶಕ್ತಿ ಒಂದು, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಓದು ಅನ್ನುವುದು ಇವೆರಡರ ಗುಣಾಕಾರ. ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ. ತರಬೇತಿಯಲ್ಲಿ ಇದನ್ನು ಬರೆದುಕೊಂಡಿದ್ದೆ. ಅರ್ಥವಾಗಿದ್ದು ಆ ಜಗಲಿ ಮೇಲೆ. ಅಕ್ಷರ ಬಿಡಿಸುವುದನ್ನು ಶಾಲೆ ಕಲಿಸಬಹುದು, ಕಲಿಸಬೇಕು, ಅದು ನಮ್ಮ ಕೆಲಸ. ಆದರೆ ಮಾತು, ಪದ, ಕಥೆ, ಯಾವುದಕ್ಕೆ ಏನು ಅನ್ನುತ್ತಾರೆ ಅನ್ನುವ ತಿಳಿವಳಿಕೆ, ಅದು ಮಗು ಶಾಲೆಗೆ ಬರುವ ಮೊದಲೇ ಆರು ವರ್ಷ ಮನೆಯಲ್ಲಿ ತುಂಬಿಕೊಂಡಿರುತ್ತದೆ. ಅದನ್ನು ತುಂಬಿದವರು ನೀವು.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ ಇದು. ಮನೆಯನ್ನು ಇನ್ನೊಂದು ತರಗತಿ ಮಾಡಬೇಡಿ. ಅಕ್ಷರ ಹತ್ತು ಸಲ ಬರೆ, ಕಾಗುಣಿತ ಐದು ಸಲ ಬರೆ ಅಂತ ಕೂರಿಸಬೇಡಿ. ಓದುವುದನ್ನು ಕೇಳಿ. ಒಂದು ಮಾರು ಹೂ ಕಟ್ಟುವಷ್ಟು ಹೊತ್ತು, ಒಂದು ಸೊಪ್ಪಿನ ಕಟ್ಟು ಸೋಸುವಷ್ಟು ಹೊತ್ತು ಸಾಕು. ತಪ್ಪಿದ ಕೂಡಲೇ ಹೇಳಿಕೊಡಬೇಡಿ. ಮನಸ್ಸಿನಲ್ಲಿ ಐದು ಎಣಿಸಿ. ಅರ್ಧಕ್ಕರ್ಧ ಸಲ ಮಗು ತಾನೇ ವಾಪಸ್ ಬಂದು ಸರಿ ಮಾಡಿಕೊಳ್ಳುತ್ತದೆ. ಬರದಿದ್ದರೆ, ಆ ತಾಯಿಯ ಹಾಗೆ "ಹಂಗಂದ್ರೇನು?" ಅಂತ ಕೇಳಿ. ಆ ಒಂದು ಪ್ರಶ್ನೆ ಕೇಳಲು ಓದು ಬರಬೇಕಾಗಿಲ್ಲ.

ಶಿಕ್ಷಕರಿಗೂ ಒಂದು ಮಾತು. ಮನೆಗೆ ಹೊಸ ಪಾಠ ಕಳಿಸಬೇಡಿ. ಇದು ನಾನು ಬಹಳ ತಡವಾಗಿ ಕಲಿತದ್ದು. ಮಗುವಿಗೆ ಬಾರದ್ದನ್ನು ಮನೆಗೆ ಕಳಿಸಿದರೆ ಅಲ್ಲಿ ಜಗಳ, ಅಳು, ಏಟು, ಇಲ್ಲದಿದ್ದರೆ ಟ್ಯೂಷನ್. ಮಗುವಿಗೆ ಈಗಾಗಲೇ ಬರುವುದನ್ನು ಕಳಿಸಿ. ನಾನು ಪ್ರತಿ ಸಂಜೆ ಒಂದು ಚೀಟಿ ಕೊಡುತ್ತೇನೆ. ಹಳೆಯ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿದ ಚೀಟಿ. ಅದರಲ್ಲಿ ಅವತ್ತು ಆ ಮಗು ತರಗತಿಯಲ್ಲಿ ಸರಿಯಾಗಿ ಓದಿದ ನಾಲ್ಕೈದು ಪದ, ಇಲ್ಲವೇ ಎರಡು ವಾಕ್ಯ. ಮನೆಗೆ ಹೋಗಿ ಯಾರಿಗಾದರೂ ಓದಿ ಹೇಳಬೇಕು. ಅಜ್ಜಿ ಆಗಬಹುದು, ಅಂಗಡಿಯ ಅಣ್ಣ ಆಗಬಹುದು, ತೊಟ್ಟಿಲ ಕೂಸು ಆದರೂ ಸರಿ. ಬೆಳಿಗ್ಗೆ ಬಂದು ಯಾರಿಗೆ ಓದಿದೆ, ಅವರು ಏನಂದರು ಅಂತ ಹೇಳಬೇಕು. ಶುಕ್ರವಾರ ಬಟ್ಟೆ ಚೀಲದಲ್ಲಿ ಒಂದು ಕಥೆ ಪುಸ್ತಕ. ಸೋಮವಾರ ವಾಪಸ್. ಪುಸ್ತಕ ಹರಿದು ಬರುತ್ತದೆ, ಎಣ್ಣೆ ಕಲೆ ಆಗಿ ಬರುತ್ತದೆ. ಬರಲಿ. ಕಪಾಟಿನಲ್ಲಿ ಬೀಗ ಹಾಕಿಟ್ಟ ಹೊಸ ಪುಸ್ತಕ ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ವಿಷಯ ಇದೆ, ನನಗೆ ಬಹಳ ಇಷ್ಟವಾದದ್ದು. ಮಗು ಬಾಯಲ್ಲಿ ಮೊದಲು ಬರುವ ಮಾತುಗಳು ಯಾವುವು? ಅಮ್ಮ. ಅಪ್ಪ. ಅಕ್ಕ. ಅಣ್ಣ. ತಮ್ಮ. ಅಜ್ಜಿ. ಇವನ್ನು ಬರೆದು ನೋಡಿ. ಒಂದೊಂದರಲ್ಲೂ ಒತ್ತಕ್ಷರ ಇದೆ! ಬಾಯಲ್ಲಿ ಮೊದಲು ಬಂದ ಪದಗಳು ಶಾಲೆಯ ಓದಿನಲ್ಲಿ ಕೊನೆಗೆ ಬರುತ್ತವೆ. ಮಗು ಗರಗಸ ಓದಿ ಎಷ್ಟೋ ತಿಂಗಳಾದ ಮೇಲೆ ಅಮ್ಮ ಅಂತ ಓದುತ್ತದೆ. ಏಣಿಯ ಮೆಟ್ಟಿಲನ್ನು ನಾವು ಬದಲಾಯಿಸಲು ಆಗುವುದಿಲ್ಲ. ಆದರೆ ಮನೆ ಈ ವಿಷಯದಲ್ಲಿ ಶಾಲೆಗಿಂತ ಮುಂದೆ ಹೋಗಬಹುದು. ಒತ್ತು ಗೊತ್ತಿಲ್ಲದಿದ್ದರೂ ಮಗು ಇಡೀ ಪದವನ್ನು ಚಿತ್ರದ ಹಾಗೆ ಗುರುತು ಹಿಡಿಯುತ್ತದೆ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ ಗುರುತು ಹಿಡಿಯುವುದಿಲ್ಲವೇ, ಹಾಗೆ. ಮೊದಲ ಪೋಷಕರ ಸಭೆಯಲ್ಲಿ ಈಗ ನಾನು ಒಂದೊಂದು ಮನೆಗೂ ನಾಲ್ಕೈದು ರಟ್ಟಿನ ಚೀಟಿ ಬರೆದು ಕೊಡುತ್ತೇನೆ. ಮನೆಯಲ್ಲಿ ಯಾರು ಯಾರು ಇದ್ದಾರೋ ಅವರ ಹೆಸರು, ಅವರನ್ನು ಮಗು ಏನಂತ ಕರೆಯುತ್ತದೋ ಆ ಪದ. ಅವರವರ ತಟ್ಟೆ ಹತ್ತಿರವೋ ಹಾಸಿಗೆ ಹತ್ತಿರವೋ ಅಂಟಿಸಿಕೊಳ್ಳುತ್ತಾರೆ. ಒತ್ತಕ್ಷರದ ಕಾರ್ಡು ಬರುವ ಹೊತ್ತಿಗೆ ಮಗುವಿಗೆ ಮ ಒತ್ತು ಹೊಸದಲ್ಲ. ಅದು ಅಮ್ಮನಲ್ಲಿ ಇದ್ದದ್ದು.

ಅಜ್ಜಿಯರ ಕಾಗುಣಿತವನ್ನೂ ನಾನು ಬೇಡ ಅನ್ನುವುದಿಲ್ಲ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ ಅಂತ ರಾಗವಾಗಿ ಹೇಳುತ್ತಾರಲ್ಲ, ಅದರಲ್ಲಿ ಪ್ರತಿ ಗುರುತಿಗೂ ಒಂದು ಹೆಸರು ಇದೆ. ಗುರುತಿಗೆ ಹೆಸರು ಇದ್ದರೆ ಮಗುವಿಗೆ ಹಿಡಿಯಲು ಸುಲಭ. ಹೇಳಿಸಿ. ಅ ಆ ಇ ಈ ಕೂಡ ಹಾಡಿನ ಹಾಗೆ ಹೇಳಿಸಿ. ಬರಲಿಲ್ಲ ಅಂತ ಮಾತ್ರ ಬೈಯಬೇಡಿ. ಅದು ಇನ್ನೊಂದು ದಾರಿಯಲ್ಲಿ ಬರುತ್ತಿದೆ.

ಮನೆ ಮಾತು ಕನ್ನಡ ಅಲ್ಲದವರು ಇಲ್ಲಿ ಬಹಳ ಜನ ಇದ್ದೀರಿ. ಉರ್ದು, ತೆಲುಗು, ತಮಿಳು, ಲಂಬಾಣಿ. "ನಮಗೇ ಕನ್ನಡ ಸರಿಯಾಗಿ ಬರಲ್ಲ, ನಾವೇನು ಓದಿಸೋದು" ಅಂತ ಹಿಂದೆ ಸರಿಯುತ್ತೀರಿ. ದಯವಿಟ್ಟು ಸರಿಯಬೇಡಿ. ನನ್ನ ತರಗತಿಯ ಒಬ್ಬ ಹುಡುಗ ಕನ್ನಡದ ಪುಸ್ತಕ ಓದಿ, ಪುಟ ಪುಟಕ್ಕೂ ನಿಲ್ಲಿಸಿ, ಅಜ್ಜಿಗೆ ಉರ್ದುವಿನಲ್ಲಿ ಕಥೆ ಹೇಳುತ್ತಾನೆ. ಅಜ್ಜಿ ಉರ್ದುವಿನಲ್ಲೇ ಪ್ರಶ್ನೆ ಕೇಳುತ್ತಾರೆ. ಉತ್ತರ ಹುಡುಕಲು ಅವನು ಮತ್ತೆ ಕನ್ನಡದ ಪುಟಕ್ಕೆ ಬರಬೇಕು. ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ತರಗತಿಯಲ್ಲಿ ಕೊಡಲಾರೆ. ನಿಮ್ಮ ಮಾತಿನಲ್ಲೇ ಕಥೆ ಹೇಳಿ. ಮಗುವಿನ ತಲೆಯಲ್ಲಿ ಕಥೆ ಕೂರುವ ಜಾಗ ಒಂದೇ. ಅಲ್ಲಿ ಉರ್ದು ಬೇರೆ ಕೋಣೆ, ಕನ್ನಡ ಬೇರೆ ಕೋಣೆ ಅಂತ ಗೋಡೆ ಇರುವುದಿಲ್ಲ.

2020ರಲ್ಲಿ ಶಾಲೆ ಮುಚ್ಚಿದ್ದು ನೆನಪಿದೆಯಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರುವಾಯಿತು. ಅರಳಿಕಟ್ಟೆ, ದೇವಸ್ಥಾನದ ಅಂಗಳ, ಯಾರದ್ದೋ ಜಗಲಿ, ಎಲ್ಲಿ ನೆರಳಿದೆಯೋ ಅಲ್ಲಿ ಪಾಠ. ಸೋಂಕು ಜಾಸ್ತಿಯಾಗಿ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. ಕಷ್ಟದ ದಿನಗಳು ಅವು. ಆದರೆ ಆ ಎರಡು ತಿಂಗಳಲ್ಲಿ ನಾನು ಹಿಂದೆಂದೂ ಕಾಣದ್ದನ್ನು ಕಂಡೆ. ಅಮ್ಮಂದಿರು ಬಾಗಿಲಲ್ಲಿ ನಿಂತು ಪಾಠ ನೋಡುತ್ತಿದ್ದರು. ಕಾರ್ಡು ಹೇಗೆ ಇಡುತ್ತೇನೆ, ಮಗು ತಡವರಿಸಿದಾಗ ಎಷ್ಟು ಹೊತ್ತು ಕಾಯುತ್ತೇನೆ, ಎಲ್ಲ ನೋಡಿದರು. ಒಬ್ಬರು, "ಓ, ಹಿಂಗಾ ಮೇಡಂ ನೀವು ಹೇಳ್ಕೊಡೋದು! ನಾವು ಸುಮ್ನೆ ಬಯ್ಕೊತಿದ್ವಿ" ಅಂದರು. ಅಷ್ಟು ವರ್ಷ ಸಭೆಯಲ್ಲಿ ಭಾಷಣ ಮಾಡಿ ತಿಳಿಸಲಾಗದ್ದು ಒಂದು ಜಗಲಿಯಲ್ಲಿ ತಿಳಿಯಿತು.

ಶಾಲೆ ತೆರೆದ ಮೇಲೆ ನಾನು ಅದನ್ನು ಬಿಡಬಾರದು ಅಂದುಕೊಂಡೆ. 'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ನಿಮ್ಮನ್ನು ಕರೆಯುತ್ತೇವಲ್ಲ, ಅವತ್ತು ಸುಮ್ಮನೆ ಅಂಕ ತೋರಿಸಿ ಸಹಿ ಹಾಕಿಸುವುದಿಲ್ಲ. ಮಗು ಅಪ್ಪ ಅಮ್ಮನನ್ನು ಕೈ ಹಿಡಿದು ಏಣಿಯ ಹತ್ತಿರ ಕರೆದುಕೊಂಡು ಹೋಗಬೇಕು. "ನಾನು ಇಲ್ಲಿದ್ದೀನಿ" ಅಂತ ಮೆಟ್ಟಿಲು ಮುಟ್ಟಿ ತೋರಿಸಬೇಕು. ಕಾರ್ಡು ತೆಗೆದು ಓದಬೇಕು. ಎಸ್‌ಡಿಎಂಸಿಯವರು, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯವರು, ಇಲ್ಲಿದ್ದೀರಿ. ಕಾಂಪೌಂಡು, ನೀರಿನ ಟ್ಯಾಂಕು ಎಲ್ಲ ಬೇಕು, ಅದರ ಜೊತೆಗೆ ಈ ದಿನಕ್ಕೂ ನಿಂತು ಜನ ಸೇರಿಸಿ. ಕೂಲಿ ಬಿಟ್ಟು ಹಗಲು ಬರಲು ಆಗದವರಿಗೆ ಸಂಜೆ ಒಂದು ಹೊತ್ತು ಇಡಿ, ನಾನು ಇರುತ್ತೇನೆ.

ಪುಸ್ತಕಕ್ಕೆ ದುಡ್ಡು ಎಲ್ಲಿಂದ ಅನ್ನುವವರಿಗೆ ನಾವು ಕೂತಿರುವ ಈ ಕಟ್ಟಡವೇ ಉತ್ತರ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ರಾಜ್ಯದಲ್ಲಿ 5,600ಕ್ಕೂ ಜಾಸ್ತಿ ಇವೆ. 2020ರ ನವೆಂಬರ್ 14ರಂದು, ಮಕ್ಕಳ ದಿನ, 'ಓದುವ ಬೆಳಕು' ಅನ್ನುವ ಮಕ್ಕಳ ಓದಿನ ಕಾರ್ಯಕ್ರಮ ಶುರುವಾಯಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಇವತ್ತು ಹೋಗುವಾಗ ಹೆಸರು ಬರೆಸಿ. ಫೋನ್ ಇರುವವರು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಬಹುದು. ಕನ್ನಡದ ಎಷ್ಟೋ ಚಿತ್ರಕಥೆಗಳು ಅಲ್ಲಿ ಪುಕ್ಕಟೆಯಾಗಿವೆ. ಆದರೂ ನನ್ನ ಕೇಳಿದರೆ, ಚಿಕ್ಕ ಮಕ್ಕಳಿಗೆ ಕೈಯಲ್ಲಿ ಹಿಡಿಯುವ ಪುಸ್ತಕವೇ ಮೇಲು. ಫೋನಿನಲ್ಲಿ ಕಥೆಯ ಪಕ್ಕದಲ್ಲೇ ಬೇರೆ ಏನೇನೋ ಕಾಯುತ್ತಿರುತ್ತದೆ.

ಇಷ್ಟು ಹೊತ್ತು ಶಾಲೆಯಿಂದ ಮನೆಗೆ ಏನು ಹೋಗಬೇಕು ಅಂತ ಹೇಳಿದೆ. ಮನೆಯಿಂದ ಶಾಲೆಗೂ ಬರಬೇಕು. ಹೂ ಕಟ್ಟುವ ಆ ತಾಯಿ ಅವತ್ತು ನನ್ನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಒಂದು ಮೊಳ ಹೂ ಕೊಟ್ಟರು. ಮುಡಿದುಕೊಳ್ಳುತ್ತಿದ್ದಾಗ, "ಮಿಸ್, ಇದು ಹೇಳಿ ನೋಡುವಾ. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರು. ಉತ್ತರ ನನ್ನ ತಲೆಯಲ್ಲೇ ಇತ್ತು, ಮಲ್ಲಿಗೆ!

ಮಾರನೇ ದಿನ ಆ ಒಗಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಚಪ್ಪರಕ್ಕೆ ನೇತು ಹಾಕಿದೆ. ಕೆಳಗೆ "ಹೇಳಿದವರು" ಅಂತ ಬರೆದು ಆ ಅಮ್ಮನ ಹೆಸರು. ಹುಡುಗಿ ಬಂದು ತಲೆ ಎತ್ತಿ ನೋಡಿದಳು. ಹಸಿರು, ಗಿಡದ, ಮೇಲೆ, ಮೊಸರು... "ಚೆಲ್ಲಿದೆ"ಯ ಲ ಒತ್ತು ಅವಳಿಗೆ ಇನ್ನೂ ಪಾಠ ಆಗಿರಲಿಲ್ಲ. ಆದರೂ ಓದಿದಳು. ವಾಕ್ಯ ಕಿವಿಯಲ್ಲಿ ಮೊದಲೇ ಇತ್ತಲ್ಲ. ಆಮೇಲೆ ಕೆಳಗಿನ ಹೆಸರು ಓದಿದಳು. ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆ ವಾರ ಇಡೀ ತರಗತಿಯ ಮಕ್ಕಳು ಮನೆಯಿಂದ ಒಗಟು ಹೊತ್ತು ತಂದರು. ದಾರ ಸಾಲದೆ ಇನ್ನೊಂದು ಸಾಲು ಕಟ್ಟಿದೆ. ಅಜ್ಜಿಯರು ಸಂಜೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವ ನೆಪದಲ್ಲಿ ಬಂದು, "ನಂದು ಯಾವುದೋ ಮಗ, ಓದು" ಅಂತ ಕೇಳಿ ಹೋಗುತ್ತಿದ್ದರು.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಾಯಿ ಕೇಳಿದರು: "ನಾನು ಮನೆ ಸೇರೋದೇ ರಾತ್ರಿ ಎಂಟಕ್ಕೆ. ಅಡುಗೆ ಆಗೋದ್ರೊಳಗೆ ಮಗು ಮಲಗಿರುತ್ತೆ. ನಾನೇನು ಮಾಡ್ಲಿ ಮೇಡಂ?" ನಾನು ಅವರಿಗೆ ದಿನಾ ಓದಿಸಿ ಅಂತ ಹೇಳಲಿಲ್ಲ. ಹೇಳುವ ಹಕ್ಕು ನನಗಿಲ್ಲ. ಮನೆಯಲ್ಲಿ ಅಜ್ಜಿಯ ಫೋನ್ ಇದೆ ಅಂದರು. ಹಾಗಾದರೆ ಮಗು ಚೀಟಿ ಓದಿ ವಾಯ್ಸ್ ಮೆಸೇಜ್ ಕಳಿಸಲಿ, ನೀವು ಬಸ್ಸಿನಲ್ಲಿ ಬರುವಾಗ ಕೇಳಿ, ಕೇಳಿದೆ ಅಂತ ಒಂದು ಮಾತು ವಾಪಸ್ ಕಳಿಸಿ ಅಂದೆ. ಭಾನುವಾರ ಒಂದು ಪುಸ್ತಕ ಜೊತೆಯಲ್ಲಿ ನೋಡಿ.

ಹಿಂದೆ ಕೂತಿದ್ದ ಒಬ್ಬ ಅಜ್ಜ ಎದ್ದು ನಿಂತರು. "ನನ್ನ ಮೊಮ್ಮಗಳು ಒಂದೇ ಪುಸ್ತಕ ಹಿಡ್ಕೊಂಡವಳೆ. ದಿನಾ ಅದೇ ಕಥೆ. ಅವಳಿಗೆ ಬಾಯಿಪಾಠ ಆಗೋಗದೆ. ನೋಡಿ ಓದ್ತಾಳೋ, ನೋಡ್ದೆ ಓದ್ತಾಳೋ ಗೊತ್ತಾಗಲ್ಲ. ಕಿತ್ಕೊಂಡು ಬೇರೆ ಕೊಡ್ಲಾ?"

ಕಿತ್ತುಕೊಳ್ಳಬೇಡಿ ಅಂದೆ. ಬಾಯಿಪಾಠ ಆದ ಪುಸ್ತಕದಲ್ಲೇ ಅವಳು ಮೊದಲ ಸಲ, ಬಾಯಲ್ಲಿ ಇರುವ ಪದವೂ ಹಾಳೆಯ ಮೇಲೆ ಇರುವ ಪದವೂ ಒಂದೇ ಅಂತ ಹೊಂದಿಸಿ ನೋಡುತ್ತಿದ್ದಾಳೆ. ನೀವು ಒಂದು ಕೆಲಸ ಮಾಡಿ. ಅವಳು ಓದುವಾಗ ಪಕ್ಕದಲ್ಲಿ ಕೂತು, "ಇದರಲ್ಲಿ ಹುಲಿ ಅಂತ ಎಲ್ಲಿದೆ, ತೋರಿಸವ್ವ" ಅಂತ ಕೇಳಿ. ಬೆರಳು ಸರಿಯಾದ ಜಾಗಕ್ಕೆ ಹೋಗುತ್ತದಾ ನೋಡಿ.

"ನನಗೆ ಓದಕ್ಕೆ ಬರಲ್ಲವಲ್ಲ. ಬೆರಳು ಸರಿಯಾದ ಜಾಗಕ್ಕೆ ಹೋಯ್ತೋ ಇಲ್ವೋ ನನಗೆ ಹೆಂಗೆ ಗೊತ್ತಾಗ್ಬೇಕು?"

ಮುಂದೆ ಚಾಪೆ ಮೇಲೆ ಕೂತಿದ್ದ ಮೊಮ್ಮಗಳು ಅಲ್ಲಿಂದಲೇ ತಿರುಗಿ ಹೇಳಿದಳು: "ನಾನು ಹೇಳ್ತೀನಿ ತಾತ."